ಕೊಪ್ಪದ ಟೆಂಡರ್ ಸರ್ವರ್‌ನಲ್ಲಿ ಹೆಸರಿಲ್ಲದ ಜಾಗ

2008ರ ಫೆಬ್ರುವರಿಯ ಒಂದು ಮಂಗಳವಾರ, ಕೊಪ್ಪದ ಅಡಿಕೆ ಮಾರಾಟ ಸಂಘವೊಂದರಲ್ಲಿ ಟೆಂಡರ್ ಫಲಿತಾಂಶಕ್ಕೆ ಕಾದು ಸಾಕಾಗಿ, ಅದು ಬರುವ ಮೊದಲೇ ನರಸಿಂಹರಾಜಪುರದ ಖರೀದಿದಾರರು ಎದ್ದು ಹೋಗಿ ಬಸ್ಸು ಹತ್ತಿದರು. ಆ ದಿನದ ವ್ಯಾಪಾರ ನಿಂತಿತು. ಸಂಘಕ್ಕೆ ಸರ್ವರ್ ಒದಗಿಸಿದ್ದು ಶಿವಮೊಗ್ಗದ ನಮ್ಮ ಕಂಪನಿ. ನಾನು ಅಲ್ಲಿ ಸಿಸ್ಟಮ್ ಎಂಜಿನಿಯರ್ ಆಗಿದ್ದೆ. ಕಾರಣ ಹುಡುಕಲು ನನ್ನನ್ನು ಕಳುಹಿಸಿದರು.

ಸಂಘದ ಪದ್ಧತಿ ಹೀಗಿತ್ತು. ಬೆಳೆಗಾರರ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸಿ ಲಾಟು ಮಾಡಿ ಇಡುತ್ತಾರೆ. ಖರೀದಿದಾರರು ಪ್ರತಿ ಲಾಟಿಗೂ ತಮ್ಮ ದರವನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಮಧ್ಯಾಹ್ನ ಪೆಟ್ಟಿಗೆ ತೆರೆದು ಗುಮಾಸ್ತರು ಎಲ್ಲ ಚೀಟಿಗಳನ್ನು ಒಟ್ಟಿಗೆ ಕಂಪ್ಯೂಟರಿಗೆ ಹಾಕುತ್ತಾರೆ. ಯಾವ ಲಾಟು ಯಾರಿಗೆ ಎಂದು ಸಾಫ್ಟ್‌ವೇರ್ ಹೇಳಬೇಕು. ಅಂದರೆ ಇಡೀ ದಿನದ ಕೆಲಸ ಒಂದೇ ಹೊತ್ತಿಗೆ ಬಂದು ಬೀಳುತ್ತದೆ.

ಸಾಫ್ಟ್‌ವೇರ್ ಬರೆದವರು ಕಮ್ಮರಡಿಯ ಸುಮಂಗಲಾ. ಕೊಪ್ಪದಲ್ಲಿ ಸಣ್ಣ ಕಂಪ್ಯೂಟರ್ ಸೆಂಟರ್ ನಡೆಸುತ್ತಿದ್ದರು. ಜನವರಿಯಲ್ಲಿ ಅವರು ಹೊಸ ಆವೃತ್ತಿ ಹಾಕಿಕೊಟ್ಟಿದ್ದರು. ಫಲಿತಾಂಶ ತಡವಾಗುವುದೂ ಜನವರಿಯಲ್ಲೇ ಶುರುವಾಗಿತ್ತು. ತಪ್ಪು ಅವರದ್ದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಮಾರ್ಚ್‌ನಲ್ಲಿ ಅವರ ವರ್ಷದ ಗುತ್ತಿಗೆ ಆಡಳಿತ ಮಂಡಳಿಯ ಮುಂದೆ ಬರಲಿತ್ತು. ಶೃಂಗೇರಿಯ ಇನ್ನೊಂದು ಸಂಘ ಅದೇ ಸಾಫ್ಟ್‌ವೇರ್ ಕೊಳ್ಳುವ ಮಾತಾಡಿ, ಕೊಪ್ಪದ ತೀರ್ಮಾನಕ್ಕೆ ಕಾಯುತ್ತಿತ್ತು.

ನಾನು ಹೋದ ಮೊದಲ ಟೆಂಡರಿನಲ್ಲೂ ಫಲಿತಾಂಶ ತಡವಾಯಿತು. ಹಿರಿಯ ಖರೀದಿದಾರರೊಬ್ಬರು ಸುಮಂಗಲಾ ಕಡೆ ತಿರುಗಿದರು.

"ಎಂತ ಮಾರಾಯ್ತಿ, ನಾವು ಕೈಯಲ್ಲಿ ಚೀಟಿ ನೋಡೋ ಕಾಲದಲ್ಲಿ ಇಷ್ಟು ಹೊತ್ತಿಗೆ ಊಟ ಮಾಡಿ ಕವಳ ಹಾಕಿ ಆಗ್ತಿತ್ತು. ನಿನ್ನ ಕಂಪ್ಯೂಟರ್ ಪೆಟ್ಟಿಗೆ ಇನ್ನೂ ಎಲೆಗೆ ಸುಣ್ಣ ಹಚ್ತಾ ಉಂಟು."

"ನಮ್ಮ ಸೆಂಟರಲ್ಲಿ ಬೇಗ ಓಡ್ತದೆ. ಇಲ್ಲಿ ಮಾತ್ರ ಹೀಗೆ," ಎಂದರು ಸುಮಂಗಲಾ.

"ಹಾಗಾದ್ರೆ ಅಡಿಕೆಯನ್ನ ನಿಮ್ಮ ಸೆಂಟರಿಗೇ ಹೊತ್ತು ತರ್ತೇವೆ, ಬಿಡು."

ನನ್ನ ಬಳಿ ಇದ್ದ ಸಾಧನ ಪ್ರೊಫೈಲರ್. ಪ್ರೊಸೆಸರ್ ಯಾವ ಕೋಡನ್ನು ಓಡಿಸುತ್ತಿದೆ ಎಂದು ಕ್ಷಣಕ್ಷಣಕ್ಕೂ ಗುರುತು ಹಾಕಿಕೊಂಡು, ಸಮಯ ಎಲ್ಲಿ ಹೋಯಿತು ಎಂದು ಕೊನೆಗೆ ಅದು ತೋರಿಸುತ್ತದೆ. ಅದು ಡಿಸ್ಕ್, ನೆಟ್‌ವರ್ಕ್, ಆಪರೇಟಿಂಗ್ ಸಿಸ್ಟಮ್ ಎಲ್ಲದರ ಹೆಸರನ್ನೂ ಸರಿಯಾಗಿ ಕೊಟ್ಟಿತು. ಆದರೆ ಹೆಚ್ಚಿನ ಸಮಯ ಹೋಗಿದ್ದು ಹೆಸರೇ ಇಲ್ಲದ ಮೆಮೊರಿಯಲ್ಲಿ.

ಸುಮಂಗಲಾ ಸಾಫ್ಟ್‌ವೇರ್ ಬರೆದದ್ದು ಜಾವಾ ಭಾಷೆಯಲ್ಲಿ. ಹೀಗಾಗುವುದು ಜಾವಾ ಪ್ರೋಗ್ರಾಂಗಳ ಗುಣ. ಶುರುವಿನಲ್ಲಿ ಇಂಟರ್‌ಪ್ರಿಟರ್ ಎಂಬ ಭಾಗ ಪ್ರೋಗ್ರಾಮನ್ನು ಒಂದೊಂದೇ ಸೂಚನೆ ಓದಿ ನಿಧಾನವಾಗಿ ಓಡಿಸುತ್ತದೆ. ಪದೇ ಪದೇ ಓಡುವ ಭಾಗ ಯಾವುದೆಂದು ಗೊತ್ತಾದ ಮೇಲೆ ಜಸ್ಟ್-ಇನ್-ಟೈಮ್ ಕಂಪೈಲರ್ ಅದನ್ನು ಯಂತ್ರದ ಭಾಷೆಗೆ ತಿರುಗಿಸಿ ಮೆಮೊರಿಯಲ್ಲಿ ಇಡುತ್ತದೆ. ಆಮೇಲೆ ವೇಗ. ಹಾಗೆ ಓಡುವಾಗಲೇ ಹುಟ್ಟಿದ ಕೋಡಿಗೆ ಡಿಸ್ಕಿನಲ್ಲಿ ಫೈಲ್ ಇರುವುದಿಲ್ಲ. ಫೈಲ್ ಇಲ್ಲದ್ದರ ಹೆಸರು ಪ್ರೊಫೈಲರಿಗೆ ಗೊತ್ತಾಗುವುದಿಲ್ಲ. ಜಾವಾದ್ದೇ ಪ್ರೊಫೈಲರ್ ಸಿಗುತ್ತಿತ್ತು. ಅದನ್ನು ಹಾಕಿದರೆ ಪ್ರೋಗ್ರಾಂ ಇನ್ನಷ್ಟು ಕುಂಟುತ್ತಿತ್ತು. ಸಮಯ ಸುಮಂಗಲಾ ಬರೆದ ದರ ಹೋಲಿಸುವ ಭಾಗದಲ್ಲಿ ಹೋಗುತ್ತಿದೆ ಎಂದು ಅದು ಹೇಳಿತು. ಯಾಕೆ ಎಂದು ಹೇಳಲಿಲ್ಲ.

ಶಿವಮೊಗ್ಗಕ್ಕೆ ಮರಳಿ ಒಂದು ಸಣ್ಣ ಏಜೆಂಟ್ ಬರೆದೆ. ಜಾವಾದ ಒಳಗೆ ಕೂತು, ಮೆಮೊರಿಯಲ್ಲಿ ಹೊಸ ಕೋಡ್ ಹುಟ್ಟಿದಾಗಲೆಲ್ಲ ಅದರ ಹೆಸರನ್ನೂ ಜಾಗವನ್ನೂ ಪ್ರೊಫೈಲರಿಗೆ ತಿಳಿಸುವ ಪ್ರೋಗ್ರಾಂ ಅದು. ಕಂಪೈಲರ್ ಹಳೆಯ ಕೋಡನ್ನು ಎಸೆದು ಅದೇ ಜಾಗದಲ್ಲಿ ಬೇರೆಯದನ್ನು ಇಡುವುದೂ ಉಂಟು. ಆದ್ದರಿಂದ ಪ್ರತಿ ಹೆಸರಿನ ಜೊತೆ ಸಮಯವನ್ನೂ ದಾಖಲಿಸಿದೆ. ಇಲ್ಲದಿದ್ದರೆ ಒಂದರ ಖರ್ಚು ಇನ್ನೊಂದರ ತಲೆಗೆ ಬರುತ್ತದೆ.

ಮುಂದಿನ ಟೆಂಡರಿನಲ್ಲಿ ಹೆಸರುಗಳು ಬಂದವು. ಹೆಸರಿಲ್ಲದ ಜಾಗದ ಬಹುಪಾಲು ಇಂಟರ್‌ಪ್ರಿಟರ್; ಅದೂ ಪ್ರೋಗ್ರಾಂ ಶುರುವಾದಾಗ ಮೆಮೊರಿಯಲ್ಲೇ ಹುಟ್ಟುತ್ತದೆ. ಅಂದರೆ ಸುಮಂಗಲಾ ಅವರ ಕೋಡ್ ಇನ್ನೂ ಯಂತ್ರದ ಭಾಷೆಗೆ ತಿರುಗಿಯೇ ಇರಲಿಲ್ಲ. ಬೆಳಿಗ್ಗೆಯಿಂದ ಓಡುತ್ತಿರುವ ಸರ್ವರಿನಲ್ಲಿ ಹೀಗಾಗಬಾರದು. ಸಂಘದ ಮ್ಯಾನೇಜರ್ ಸುಬ್ರಾಯರನ್ನು ಕೇಳಿದೆ.

"ಮೆಷಿನ್ ಯಾವಾಗ ಆನ್ ಮಾಡಿದ್ರಿ?"

"ಈಗಷ್ಟೇ. ಪೆಟ್ಟಿಗೆ ತೆಗೆಯೋ ಮುಂಚೆ."

"ಅಲ್ಲಿವರೆಗೆ?"

"ಆಫ್. ಜನವರಿಯಿಂದ ಕರೆಂಟ್ ಹೋಗಿ ಬಂದು ಮಾಡ್ತದೆ ಮಾರಾಯ್ರೆ. ಬೆಳಿಗ್ಗೆಯಿಂದ ಓಡಿಸಿದ್ರೆ ಟೆಂಡರ್ ಹೊತ್ತಿಗೆ ಯುಪಿಎಸ್ ಬ್ಯಾಟರಿ ಖಾಲಿ. ನಾನೇ ಜೋಪಾನ ಮಾಡಿ ಇಡೋದು."

ಸುಮಂಗಲಾ ಸುಬ್ರಾಯರ ಕಡೆ ತಿರುಗಿದರು. "ನಮ್ಮ ಸೆಂಟರಲ್ಲಿ ದಿನವಿಡೀ ಓಡ್ತಾ ಇರ್ತದೆ. ನಂಗೆ ಹೇಳ್ಲೇ ಇಲ್ವಲ್ಲ ಸುಬ್ರಾಯಣ್ಣ," ಎಂದರು.

"ನೀನು ಕೇಳ್ಲಿಲ್ಲ. ಸ್ವಿಚ್ಚು ಹಾಕೋದನ್ನ ಎಂತ ಹೇಳೋದು?"

ಅದರ ಮುಂದಿನ ಮಂಗಳವಾರ ಇನ್ನೊಂದು ಬ್ಯಾಟರಿ ಜೋಡಿಸಿ, ಸರ್ವರನ್ನು ಬೆಳಿಗ್ಗೆಯೇ ಆನ್ ಮಾಡಿಸಿದೆ. ಹಿಂದಿನ ವಾರದ ಟೆಂಡರನ್ನು ಪೆಟ್ಟಿಗೆ ತೆಗೆಯುವ ಮೊದಲು ತಾಲೀಮಿನಂತೆ, ಕೋಡ್ ಯಂತ್ರದ ಭಾಷೆಗೆ ತಿರುಗುವಷ್ಟು, ಹಲವು ಸಲ ಓಡಿಸಿದೆವು. ಪ್ರೋಗ್ರಾಮಿನಲ್ಲಿ ಒಂದು ಸಾಲನ್ನೂ ಬದಲಿಸಲಿಲ್ಲ. ಖರೀದಿದಾರರಿಗೆ ಕಾಫಿ ಬರುವ ಮೊದಲು ಫಲಿತಾಂಶ ಬಂತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಸಾಧನ ಹೆಸರು ಕೊಡದ ಜಾಗಕ್ಕೆ ಜನ ತಮಗೆ ಗೊತ್ತಿರುವ ಹೆಸರನ್ನು ಇಟ್ಟುಬಿಡುತ್ತಾರೆ. ಆ ತಪ್ಪು ಹೆಸರನ್ನು ತೆಗೆಸಲು ಸರಿಯಾದ ಹೆಸರು ಸಿಕ್ಕರೂ ಸಾಲದು.

ಮಾರ್ಚ್ ಸಭೆಗೆ ನನ್ನನ್ನೂ ಕರೆದಿದ್ದರು. ವರದಿ ಓದಿದೆ. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು.

"ಹಾಗಾದ್ರೆ ಬಿಸಿ ಆಗೋವರೆಗೆ ಓಡೋದಿಲ್ಲ ಅಂತಾಯ್ತು. ನನ್ನ ಜೀಪೂ ಹಾಗೇ. ಅದನ್ನ ಮಾರ್ತಾ ಇದ್ದೇನೆ."

ಸದಸ್ಯರು ನಕ್ಕರು.

"ತಪ್ಪು ಪ್ರೋಗ್ರಾಮಿನದ್ದಲ್ಲ," ಎಂದೆ. "ಆನ್ ಮಾಡುವ ಹೊತ್ತಿನದ್ದು."

"ಅಂದ್ರೆ ನಮ್ಮ ಸುಬ್ರಾಯಂದು ಅಂತ ಬರೀಬೇಕಾ?"

ಸುಬ್ರಾಯರು ಅದೇ ಕೋಣೆಯಲ್ಲಿ ನಿಂತಿದ್ದರು. ನಿವೃತ್ತಿ ಹತ್ತಿರವಿತ್ತು. ಸುಮಂಗಲಾ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ನಾನು ವರದಿಯನ್ನು ಮಡಿಚಿಟ್ಟೆ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಸಭೆಯ ಕೊನೆಗೆ, ತಾಂತ್ರಿಕ ಕಾರಣಗಳಿಂದ ಗುತ್ತಿಗೆಯನ್ನು ನವೀಕರಿಸುವುದಿಲ್ಲ ಎಂದು ಠರಾವಾಯಿತು. ಶೃಂಗೇರಿಯ ಸಂಘ ಅದೇ ತಿಂಗಳು ಬೇರೆ ಕಡೆ ಮಾತಾಡಿತು.

ಕೊಪ್ಪಕ್ಕೆ ಬಂದ ಹೊಸ ಸಾಫ್ಟ್‌ವೇರ್ ಕೂಡ ಜಾವಾದಲ್ಲೇ ಬರೆದದ್ದು. ಸರ್ವರನ್ನು ಈಗ ಬೆಳಿಗ್ಗೆಯೇ ಆನ್ ಮಾಡುತ್ತಾರೆ. ಸುಮಂಗಲಾ ಸೆಂಟರ್ ಮುಚ್ಚಿ, ನರಸಿಂಹರಾಜಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದಾರೆ.