ಗಂಗವ್ವನ ಹನ್ನೊಂದು ಗಡಿಗೆ

ಮೈಸೂರಿನಿಂದ ರಾತ್ರಿ ರೈಲಿಗೆ ಹೊರಟವನು ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಇಳಿದೆ. ನಿಲ್ದಾಣದೆದುರು ಅವಲಕ್ಕಿ ತಿಂದು ಧಾರವಾಡದ ಬಸ್ಸು ಹತ್ತಿದೆ. ರಾಯಾಪುರ ದಾಟುವವರೆಗೂ ನಿಂತೇ ಬಂದೆ, ಆದರೂ ಖುಷಿಯಾಗಿದ್ದೆ. ಸಂಜೆ ಧಾರವಾಡದಲ್ಲಿ ನಮ್ಮ ಪ್ರದರ್ಶನವಿತ್ತು. ಉಪ್ಪಿನಬೆಟಗೇರಿಯ ಗಂಗವ್ವ ತಟ್ಟಿ ಸುಟ್ಟ ಹನ್ನೊಂದು ಗಡಿಗೆ, ಒಂದೊಂದಕ್ಕೂ ಒಂದೊಂದು ಆಕಾರ, ಒಂದೊಂದು ಸ್ವರ. ಸ್ವರ ಹೊಂದಿಸಿದವನು ನಾನು. ಬಂದವರು ಬಾರಿಸಿ ಕೇಳಬೇಕೆಂಬುದು ನಮ್ಮಿಬ್ಬರ ಆಸೆ.

ಗಂಗವ್ವನನ್ನು ಕರೆದುಕೊಂಡು ಬರಲು ಮೊದಲು ಉಪ್ಪಿನಬೆಟಗೇರಿಗೆ ಹೋದೆ. ಬಿಸಿಲು ಚುರುಗುಟ್ಟುತ್ತಿತ್ತು. ಆಕೆ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕಾಯುತ್ತಿದ್ದಳು.

“ಬೋರ್ಡಿನ್ಯಾಗ ನನ್ನ ಹೆಸರ ಐತಿ ಅಂದ್ರಿ, ಖರೇನ?”

“ನಿಮ್ಮದೇ ಮೊದಲು ಗಂಗವ್ವ, ಕೆಳಗೆ ನನ್ನದು.”

ನಲವತ್ತು ವರ್ಷ ಗಡಿಗೆ ಮಾಡಿದರೂ ಆಕೆಯ ಹೆಸರನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಬಸ್ಸಿನಲ್ಲಿ ಹೆಂಗಸರ ಉಚಿತ ಟಿಕೇಟನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ದಾರಿಯುದ್ದಕ್ಕೂ ನಗುತ್ತಲೇ ಇದ್ದಳು.

ಸುಡುವ ಆವಿಗೆಯಿಂದ ತೆಗೆದ ಪ್ರತಿ ಗಡಿಗೆಯನ್ನೂ ಆಕೆ ಕಿವಿಗೆ ಹಿಡಿದು ಬೆರಳ ಗೆಣ್ಣಿನಿಂದ ಬಾರಿಸುತ್ತಿದ್ದಳು. ದನಿ ಸರಿಯಿಲ್ಲದ್ದನ್ನು ಅಲ್ಲೇ ಒಡೆದುಬಿಡುವಳು. “ದನಿ ಇಲ್ಲದ್ದು ನಮ್ಮ ಅಂಗಳ ದಾಟಬಾರದ್ರಿ” ಎನ್ನುತ್ತಿದ್ದಳು.

ಧಾರವಾಡದ ಸಭಾಂಗಣದೊಳಗೆ ಹೋದರೆ, ಮೊದಲೇ ಕಳಿಸಿದ್ದ ಗಡಿಗೆಗಳೆಲ್ಲ ಅರ್ಧ ಹೊಟ್ಟೆಯವರೆಗೆ ಸಿಮೆಂಟಿನಲ್ಲಿ ಹೂತಿದ್ದವು.

“ಒಂದೂ ಅಲಗಾಡಂಗಿಲ್ರಿ ಸರ್, ನೀವ ಹೂಂ ಅಂದಿದ್ರೆಲ್ಲ” ಎಂದ ಉಸ್ತುವಾರಿಯವನು.

ಅಂದದ್ದು ಹೌದು. ಯಾರಾದರೂ ಕೆಡವಿಯಾರು, ಸಿಮೆಂಟು ಹಾಕಿಸಲೇ ಎಂದು ಆತ ಫೋನಿನಲ್ಲಿ ಕೇಳಿದ್ದ. ನಾನು ಯಾವುದೋ ಗಡಿಬಿಡಿಯಲ್ಲಿ ಹೂಂ ಎಂದಿದ್ದೆ. ಶಬ್ದವೇ ನನ್ನ ಕಸುಬು ಎಂದು ಊರೆಲ್ಲ ಹೇಳಿಕೊಂಡು ತಿರುಗುವವನಿಗೆ ಅಷ್ಟೂ ಹೊಳೆಯಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಗಂಗವ್ವ ಮೊದಲನೆಯದನ್ನು ಬಾರಿಸಿದಳು. ಗೋಡೆ ಬಡಿದಂತಾಯಿತು. ಒಂದನ್ನೂ ಬಿಡದೆ ಹನ್ನೊಂದನ್ನೂ ಬಾರಿಸಿ ನೋಡಿದಳು.

“ಒಡಿಯಾಕೂ ಬರದಂಗ ಮಾಡೀರಲ್ರಿ” ಎಂದಳು.

ದನಿಯನ್ನು ಮೊದಲೇ ರೆಕಾರ್ಡ್ ಮಾಡಿದ್ದೇನೆ, ಸ್ಪೀಕರಿನಲ್ಲಿ ಕೇಳಿಸುತ್ತೇವೆ ಎಂದು ತೊದಲಿದೆ.

“ಅದು ಡಬ್ಬಿ ದನಿರಿ, ನನ್ನ ಗಡಿಗೀದಲ್ಲ. ನನ್ನ ಹೆಸರ ತಗದಬಿಡ್ರಿ ಸರ.”

“ಗಂಗವ್ವ, ತಪ್ಪು ನನ್ನದು.”

“ಗಡಿಗಿ ನನ್ನವಲ್ರಿ.”

ನಾಲ್ಕರ ಬಸ್ಸಿಗೆ ಆಕೆಯನ್ನು ಹತ್ತಿಸಿ ಬಂದೆ. ಊಟಕ್ಕೆ ಕರೆದರೂ ಒಲ್ಲೆ ಅಂದಿದ್ದಳು. ಬೋರ್ಡಿಗೆ ಅಂಟಿಸಿದ್ದ ಆಕೆಯ ಹೆಸರನ್ನು ಉಗುರಿನಿಂದ ಕೆರೆದು ಕಿತ್ತೆ. ಸಂಜೆ ಬಂದವರು ಕೈಕಟ್ಟಿ ನಿಂತು ಸ್ಪೀಕರು ಕೇಳಿ, ಅದ್ಭುತ ಎಂದು ನನಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ರೈಲಿನ ಹೊತ್ತಾಗಿತ್ತು. ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದೆ. ಬೋರ್ಡಿನಲ್ಲಿ ನನ್ನ ಹೆಸರೊಂದೇ ಇತ್ತು.