ಬುರುಡೆರಾಯ ಕಂಡ ಉಲ್ಕೆ

ಬೀದಿ ತಿರುವಿನ ಇಸ್ತ್ರಿ ಅಂಗಡಿಯವನಿಗೆ ಬುರುಡೆರಾಯ ಎಂದು ಹೆಸರು ಬಿದ್ದು ಎಷ್ಟು ಕಾಲವಾಯಿತೋ. ಬಟ್ಟೆ ಮಡಿಸುವುದರಲ್ಲಿ ಎತ್ತಿದ ಕೈ. ಕಡ್ಡಿಯನ್ನು ಗುಡ್ಡ ಮಾಡುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಅಂಗಡಿಗೆ ನುಗ್ಗಿದ ಇಲಿ ಅವನ ಬಾಯಿಗೆ ಬರುವಷ್ಟರಲ್ಲಿ ಹುಲಿಯಾಗಿರುತ್ತಿತ್ತು. ಗಿರಾಕಿಗಳು ನಕ್ಕು ಹೋಗುತ್ತಿದ್ದರು. ಹೆಂಡತಿ ಮಾತ್ರ ಕತೆ ಶುರುವಾಗುವ ಮೊದಲೇ "ಸಾಕು, ಊಟ ಮಾಡಿ" ಎಂದುಬಿಡುತ್ತಿದ್ದಳು. ಅದೊಂದೇ ಅವನ ಕೊರಗು. ಊರು ನಂಬದಿದ್ದರೆ ಕತ್ತೆ ಬಾಲ, ಇವಳೊಬ್ಬಳು ಒಂದೇ ಒಂದು ಸಲ ಕೂತು ಕೇಳಬಾರದೇ?

ಆ ದಿನ ಆಗಷ್ಟೇ ಕತ್ತಲಾಗಿತ್ತು. ಟಿವಿಯಲ್ಲಿ ಮ್ಯಾಚು, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಹೆಡ್ಮೇಷ್ಟ್ರ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆ ಓಡಾಡುತ್ತಿದ್ದಾಗ ಬೀದಿಯೆಲ್ಲ ಒಮ್ಮೆಗೇ ಹಸಿರಾಯಿತು. ತಲೆಯೆತ್ತಿದರೆ, ಎದುರು ಮನೆಗಳ ಮೇಲಿಂದ ಬೆಂಕಿಯುಂಡೆಯೊಂದು ಸದ್ದಿಲ್ಲದೆ ಜಾರಿ, ನೀರಿನ ಟ್ಯಾಂಕಿನ ಹಿಂದೆ ಚೂರುಚೂರಾಗಿ ಆರಿಹೋಯಿತು. ಅವನ ಎದೆ ಹಿಗ್ಗಿತು. ಅಂಗಿ ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಕೈಯ ನೆನಪಾದದ್ದು.

ಅಂಗಿಗೆಂದು ಬಂದ ಮೇಷ್ಟ್ರಿಗೆ ಉಲ್ಕೆಯ ವಿಷಯವನ್ನೇ ಮೊದಲು ಹೇಳಿದ. ಅವರು ಅಂಗಿಯ ಬೆನ್ನಿಗೆ ಬಿದ್ದ ಸುಟ್ಟ ತೂತಿನೊಳಗಿಂದ ಅವನ ಮುಖ ನೋಡಿದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೀನು ಆಕಾಶಾನೇ ಡೊಂಕು ಅಂತೀಯಲ್ಲಯ್ಯ!"

ಮ್ಯಾಚು ಮುಗಿಸಿ ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷ ಸುಳ್ಳಿಗೆ ಸಾಲುಗಟ್ಟಿದ ಗಿರಾಕಿಗಳು, ಒಂದು ನಿಜ ತಂದರೆ ಒಬ್ಬನೂ ಇಲ್ಲ! ಅವನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಮನೆಗೆ ಬಂದು, ಕೈಕಾಲು ತೊಳೆದು, ಉಲ್ಕೆಯ ಸುದ್ದಿಗೇ ಹೋಗದೆ ಊಟಕ್ಕೆ ಕೂತ. ಒಣಗಿದ ಬಟ್ಟೆಗಳು ಮಡಿಸದೆ ಮಂಚದ ಮೇಲೆ ಹಾಗೇ ರಾಶಿ ಬಿದ್ದಿದ್ದವು.

"ರೀ, ಬಟ್ಟೆ ತರೋಕೆ ಮಹಡಿ ಮೇಲೆ ಹೋಗಿದ್ದೆ," ಎಂದಳು ಹೆಂಡತಿ. "ಏನು ಕಂಡೆ ಅಂದ್ರೆ ನೀವು ನಂಬಲ್ಲ."

ಅವನು ಮೆಲ್ಲಗೆ ಕೇಳಿದ: "ಹಸಿರಾ?"

"ಅಯ್ಯೋ, ಹಸಿರೇ! ನೀವೂ ನೋಡಿದ್ರಾ? ಹೇಳ್ರೀ, ಮೊದಲಿಂದ ಹೇಳಿ!"

ಅನ್ನದ ಪಾತ್ರೆಯನ್ನು ಅಲ್ಲೇ ಬಿಟ್ಟು ಅವಳು ಎದುರಿಗೆ ಕಾಲು ಮಡಚಿ ಕೂತಳು. ಅವನು ಅವಳತ್ತ ಸರಿದು ಕೂತ. ಇಂಥ ಹೊತ್ತಿನಲ್ಲಿ ಒಗ್ಗರಣೆ ಹಾಕಲು ಮನಸ್ಸಾಗಲಿಲ್ಲ. ಎಳ್ಳಷ್ಟೂ ಸೇರಿಸದೆ, ಕಂಡದ್ದನ್ನು ಕಂಡಂತೆ ಹೇಳಿದ.

"ಒಂದು ನಿಂಬೆಹಣ್ಣಿನಷ್ಟಿತ್ತು ಕಣೇ."

"ನಿಂಬೆಹಣ್ಣಂತೆ!" ಹೆಂಡತಿ ಎರಡೂ ಕೈ ಅಗಲಿಸಿದಳು. "ಕುಂಬಳಕಾಯಿ ರೀ, ಕುಂಬಳಕಾಯಿ!"