ಒಂದೇ ಸಲ ಒತ್ತಿದ ಕೈ

ಹನುಮಕ್ಕ, ಅವತ್ತು ತಪ್ಪು ಮಾಡಿದವನು ನಾನು. ನೀವಲ್ಲ. ಇಷ್ಟು ಹೇಳುವುದಕ್ಕೆ ನಾಲ್ಕು ವರ್ಷ ಬೇಕಾಯಿತು — ಥೂ, ನನ್ನ ಜನ್ಮಕ್ಕೆ.

ಕಲ್ಯಾಣದುರ್ಗದ ಆಸ್ಪತ್ರೆಯ ಕೌಂಟರಿನಲ್ಲಿ ಕೂತು ನೀವು ರಕ್ತಕ್ಕೆ ಬೇಡಿಕೆ ಕಳಿಸುತ್ತಿದ್ದಿರಿ, ಹಿಂದೂಪುರದ ನಮ್ಮ ರಕ್ತನಿಧಿಯಿಂದ ಅದು ಬರುತ್ತಿತ್ತು. ಮೊದಲು ಬಸ್ಸಿನವರ ಕೈಯಲ್ಲಿ ಚೀಟಿ. ಆಮೇಲೆ ನನ್ನ ಪ್ರೋಗ್ರಾಂ ಬಂತು — ಅಲ್ಲಿಯ ಕಂಪ್ಯೂಟರು ಇಲ್ಲಿಯ ಕಂಪ್ಯೂಟರಿಗೆ ನೇರವಾಗಿ ಕೆಲಸ ಹೇಳುವಂಥದ್ದು. ಪ್ರತಿ ಸಂದೇಶದ ತಲೆಯಲ್ಲಿ, ಹೆಡರ್ ಎನ್ನುತ್ತೇವಲ್ಲ, ಅಲ್ಲಿ ಏನೇನಿರಬೇಕೆಂದು ಗೊತ್ತುಮಾಡಿದವನು ನಾನೇ: ಯಾರು ಕಳಿಸಿದ್ದು, ಯಾರಿಗೆ, ಯಾವ ಕೆಲಸ, ಎಷ್ಟು ಹೊತ್ತಿಗೆ.

ಅದನ್ನು ನೋಡಿ ನೀವು ಕೇಳಿದಿರಿ: "ನಂಬರ್ ಎಲ್ಲಪ್ಪಾ? ನಾನು ಚೀಟಿಗೊಂದು ನಂಬರ್ ಹಾಕ್ತಿದ್ದೆ. ಜವಾಬು ಬರ್ಲಿಲ್ಲಾಂದ್ರೆ ಅದೇ ನಂಬರ್ ಹಾಕಿ ಇನ್ನೊಂದು ಕಳಿಸ್ತಿದ್ದೆ. ಇಲ್ಲಾಂದ್ರೆ ಅವ್ರು ಎರಡು ಕಳಿಸ್ಬುಡ್ತಾರೆ ಕಣಪ್ಪ."

ನಾನು ನಕ್ಕುಬಿಟ್ಟೆ. ಮೊದಲ ಕರಡಿನಲ್ಲಿ ಆ ನಂಬರಿತ್ತು ಅಕ್ಕ. ಉದ್ಘಾಟನೆಯ ಅವಸರದಲ್ಲಿ ನಾನೇ ತೆಗೆದುಹಾಕಿದ್ದೆ. ಚೀಟಿ ಬರೆಯುವವರಿಗೆ ಇದೆಲ್ಲ ಏನು ಗೊತ್ತು ಎಂಬ ಕೊಬ್ಬು — ಇತ್ತು, ಇಲ್ಲವೆನ್ನಲಾರೆ.

ಅಂದು ಮಧ್ಯಾಹ್ನ ಅಪರೂಪದ ಗುಂಪಿನ ರಕ್ತ ಒಂದು ಪ್ಯಾಕೆಟ್ ಬೇಕೆಂದು ಗುಂಡಿ ಒತ್ತಿದಿರಿ. ಬೇಡಿಕೆ ತಲುಪಿತು, ಉತ್ತರ ಬರುವಷ್ಟರಲ್ಲಿ ನೆಟ್ ಹೋಯಿತು. ಉತ್ತರವಿಲ್ಲವೆಂದು ನನ್ನ ಪ್ರೋಗ್ರಾಂ ತಾನಾಗಿಯೇ ಮತ್ತೊಮ್ಮೆ ಕೇಳಿತು. ನಂಬರಿಲ್ಲವಲ್ಲ — ಇಲ್ಲಿಯ ಕಂಪ್ಯೂಟರು ಅದನ್ನು ಹೊಸ ಬೇಡಿಕೆ ಎಂದುಕೊಂಡಿತು. ನಮ್ಮಲ್ಲಿದ್ದದ್ದೇ ಎರಡು ಪ್ಯಾಕೆಟ್. ಎರಡೂ ನಿಮ್ಮಲ್ಲಿಗೆ ಬಂದವು. ಒಂದು ಫ್ರಿಜ್ಜಿನ ಹೊರಗೇ ಉಳಿದು ಕೆಟ್ಟಿತು. ಅದೇ ಸಂಜೆ ಹಿಂದೂಪುರದಲ್ಲಿ ಹೆರಿಗೆಗೆ ಬಂದ ಅದೇ ಗುಂಪಿನವಳೊಬ್ಬಳು, ಬೇರೆ ಊರಿನಿಂದ ರಕ್ತ ಬರುವವರೆಗೆ ಜೀವ ಕೈಯಲ್ಲಿ ಹಿಡಿದು ಕಾಯಬೇಕಾಯಿತು. ಪುಣ್ಯಕ್ಕೆ ಬದುಕಿದಳು.

"ರೆಂಡು ಸಾರ್ಲು ಎಂದುಕು ನೊಕ್ಕಿನಾವು?" — ಎರಡು ಸಲ ಯಾಕೆ ಒತ್ತಿದೆ ಎಂದು ಎರಡೂ ಕಡೆ ನೋಡಿಕೊಳ್ಳುವ ಮ್ಯಾನೇಜರು ನಿಮ್ಮನ್ನು ಹಿಂದೂಪುರಕ್ಕೆ ಕರೆಸಿ ಎಲ್ಲರೆದುರು ಕೂಗಾಡಿದರು.

"ಒಂದೇ ಸಲ ಒತ್ತಿದ್ದು ಸಾರ್," ಎಂದು ನೀವು ನನ್ನತ್ತ ತಿರುಗಿದಿರಿ. "ನೀನಾದ್ರೂ ಹೇಳಪ್ಪ."

ನಿಮ್ಮ ಕಂಪ್ಯೂಟರಿನ ದಾಖಲೆಯನ್ನು ಆಗಲೇ ನೋಡಿದ್ದೆ. ಒಂದೇ ಸಲ. ಆದರೂ ಹೇಳಿದೆ: "ಇಲ್ಲಿಗೆ ಎರಡು ಬಂದಿದೆ ಸಾರ್."

ಸುಳ್ಳಲ್ಲ. ಸುಳ್ಳಲ್ಲವೆಂದೇ ಇನ್ನೂ ಹೇಸಿಗೆ. ನಿಮ್ಮ ಕೆಲಸ ಹೋಯಿತು. ಮರುದಿನ ಹೆಡರಿನಲ್ಲಿ ಸದ್ದಿಲ್ಲದೆ ನಂಬರು ಸೇರಿಸಿದೆ.

ಹೋದ ತಿಂಗಳು ಕುಂದುರ್ಪಿ ಬಸ್ಸಿನಲ್ಲಿ ಸಿಕ್ಕಿದಿರಿ. ಸರಿದು ಜಾಗ ಕೊಟ್ಟಿರಿ, ನಮ್ಮಮ್ಮನ ಮಂಡಿನೋವು ವಿಚಾರಿಸಿದಿರಿ. ಆಮೇಲೆ ನೀವಾಗಿಯೇ ಹೇಳಿದಿರಿ: "ಅವತ್ತು ನನ್ ಕೈನೇ ಎರಡ್ ಸಲ ಬಿತ್ತೇನೋ ಕಣಪ್ಪ. ಈಗ ಮನೆಗೆ ಬೀಗ ಹಾಕಿದ್ರೂ ತಿರ್ಗಾ ಹೋಗಿ ನೋಡ್ಕೊಂಡ್ ಬತ್ತೀನಿ."

ನಿಮ್ಮ ಕೆಲಸ ಕಳೆದೆನೆಂದಷ್ಟೇ ತಿಳಿದಿದ್ದೆ. ಇದು — ಇದು ಗೊತ್ತಿರಲಿಲ್ಲ.

ಎಲ್ಲವನ್ನೂ ಬರೆದು, ಸಹಿ ಮಾಡಿ, ಆ ದಿನದ ದಾಖಲೆ ಸಮೇತ ಮ್ಯಾನೇಜರಿಗೆ ಕೊಟ್ಟಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಬೈಯಿರಿ, ಬಾಗಿಲು ಹಾಕಿಕೊಳ್ಳಿ. ಹೊರಗೇ ನಿಂತು ಹೇಳಿ ಹೋಗುತ್ತೇನೆ: ಅಕ್ಕ, ನಿಮ್ಮ ಕೈ ಒಂದೇ ಸಲ ಬಿದ್ದಿತ್ತು.